ಪೋರ್ಚುಗಲ್‌ಗೆ ಮೊದಲ ಪ್ರವಾಸ: ಹತ್ತು ರಾತ್ರಿ, ಸಸ್ಯಾಹಾರ ಮತ್ತು ಅಮ್ಮನ ಮೊಣಕಾಲು

ಶಾಲ್ಮಲಾ, ಧಾರವಾಡ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್ ಕೊನೆಯ ವಾರ, ಮಗಳ ಬೇಸಿಗೆ ರಜೆಯಲ್ಲಿ, ನಮ್ಮ ಮನೆಯವರೆಲ್ಲ ಮೊದಲ ಬಾರಿಗೆ ಯುರೋಪಿಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಹೋಗುವವರು ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗಳು ಮತ್ತು ಅರವತ್ತಾರು ವರ್ಷದ ನನ್ನ ಅಮ್ಮ. ಪೋರ್ಚುಗಲ್ ಎಂಬ ಹೆಸರು ಬಂದದ್ದು ಅಮ್ಮನಿಂದಲೇ. ಅವರು ಹೊನ್ನಾವರದ ಕಡೆಯವರು. ಶರಾವತಿಯ ಅಳಿವೆಯಲ್ಲಿ ಪರಂಗಿಯವರ ಹಡಗುಗಳು ನಿಲ್ಲುತ್ತಿದ್ದ ಕಥೆಗಳನ್ನು ಕೇಳುತ್ತ ಬೆಳೆದವರಾದ್ದರಿಂದ, ‘ಅಷ್ಟು ದೂರದಿಂದ ಮೆಣಸಿಗಾಗಿ ಬಂದವರ ಊರು ಹೇಗಿದೆ ಎಂದು ಒಮ್ಮೆ ನೋಡಬೇಕು’ ಎಂದು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ.

ಪ್ರವಾಸ ಸಂಸ್ಥೆಯೊಂದು ನಮಗೆ ಕೊಟ್ಟ ಪಟ್ಟಿಯಲ್ಲಿ ಹತ್ತು ರಾತ್ರಿಗಳಿಗೆ ಲಿಸ್ಬನ್, ಪೋರ್ಟೊ, ಸೆವಿಲ್, ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಇವೆ. ಅಷ್ಟು ಖರ್ಚು ಮಾಡಿ ಹೋಗುವಾಗ ಎರಡು ದೇಶಗಳನ್ನಾದರೂ ನೋಡಿ ಬರೋಣ ಎಂಬುದು ಯಜಮಾನರ ಅಭಿಪ್ರಾಯ. ಆದರೆ ಅಮ್ಮನಿಗೆ ಎರಡೂ ಮೊಣಕಾಲುಗಳಲ್ಲಿ ನೋವಿದೆ. ಸಮತಟ್ಟಾದ ಕಡೆ ಅರ್ಧ ಗಂಟೆ ನಡೆಯಬಲ್ಲರು, ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಬಲ್ಲರು, ಇಳಿಯುವುದು ಮಾತ್ರ ಕಷ್ಟ. ಅವರು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹತ್ತು ರಾತ್ರಿಗಳನ್ನು ಹೇಗೆ ಹಂಚಿಕೊಳ್ಳಬೇಕು, ಊಟದ ವ್ಯವಸ್ಥೆ ಹೇಗೆ, ವೀಸಾಕ್ಕೆ ಎಷ್ಟು ಮುಂಚೆ ಓಡಾಡಬೇಕು ಎಂಬುದನ್ನು ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಕೊಡಚಾದ್ರಿ, ಬೆಂಗಳೂರು

ಕಳೆದ ಮೇ ತಿಂಗಳಲ್ಲಿ ನಾವು ಹೋಗಿ ಬಂದೆವು. ನೀವು ಈಗ ಮಾಡಲಿರುವ ತಪ್ಪನ್ನೇ ನಾವು ಮಾಡಿದ್ದರಿಂದ ಸ್ವಲ್ಪ ಒತ್ತಿಯೇ ಬರೆಯುತ್ತಿದ್ದೇನೆ. ಒಂಬತ್ತು ರಾತ್ರಿಗಳಲ್ಲಿ ಐದು ಊರು ಬದಲಿಸಿದೆವು. ಈಗ ಕಣ್ಣು ಮುಚ್ಚಿದರೆ ನೆನಪಾಗುವುದು ಊರುಗಳಲ್ಲ, ಚೀಲ ಕಟ್ಟಿದ್ದು ಮತ್ತು ಬಿಚ್ಚಿದ್ದು. ದಯವಿಟ್ಟು ಸ್ಪೇನನ್ನು ಈ ಬಾರಿ ಕೈಬಿಡಿ. ನಕ್ಷೆಯಲ್ಲಿ ಲಿಸ್ಬನ್ ಮತ್ತು ಮ್ಯಾಡ್ರಿಡ್ ಅಕ್ಕಪಕ್ಕದಲ್ಲಿ ಕಂಡರೂ ಅವುಗಳ ನಡುವೆ ನೇರ ರೈಲಿಲ್ಲ. ರಾತ್ರಿ ಓಡುತ್ತಿದ್ದ ರೈಲು 2020ರಲ್ಲಿ ನಿಂತಿತು. ಈಗ ಗಡಿಯ ಬಳಿ ರೈಲು ಬದಲಿಸುತ್ತ ಹೋದರೆ ಒಂದಿಡೀ ಹಗಲು ಕಳೆಯುತ್ತದೆ. ವಿಮಾನದಲ್ಲಿ ಹೋದರೂ ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಇಳಿದು ಹೋಟೆಲ್ ಸೇರುವುದು ಎಂದು ಅರ್ಧ ದಿನಕ್ಕಿಂತ ಹೆಚ್ಚೇ ಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಇಂತಹ ದಿನಗಳು ನಾಲ್ಕಿವೆ.

ನನ್ನ ಸಲಹೆ ಲಿಸ್ಬನ್‌ನಲ್ಲಿ ಆರು ರಾತ್ರಿ, ಪೋರ್ಟೊದಲ್ಲಿ ನಾಲ್ಕು ರಾತ್ರಿ, ಅಷ್ಟೇ. ಎರಡೂ ಊರುಗಳ ನಡುವೆ ‘ಅಲ್ಫಾ ಪೆಂದುಲಾರ್’ ಎಂಬ ವೇಗದ ರೈಲು ಸುಮಾರು ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ. ಅರವತ್ತೈದು ದಾಟಿದವರಿಗೆ ಮತ್ತು ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್ ಇರುವುದರಿಂದ, ನಿಮ್ಮ ನಾಲ್ವರಲ್ಲಿ ಇಬ್ಬರಿಗೆ ಅರ್ಧ ದರ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಕೈಯಲ್ಲಿರಲಿ. ರೈಲು ನೌಕರರ ಮುಷ್ಕರಗಳು ಅಲ್ಲಿ ಆಗಾಗ ನಡೆಯುತ್ತವೆ. ಹೊರಡುವ ಎರಡು ಮೂರು ದಿನ ಮೊದಲು ಮುಷ್ಕರ ಎಂಬ ಅರ್ಥದ ‘ಗ್ರೇವ್’ (greve) ಎಂಬ ಪದವನ್ನು ರೈಲು ಸಂಸ್ಥೆಯ ಪ್ರಕಟಣೆಗಳಲ್ಲಿ ಹುಡುಕಿ ನೋಡಿ. ಮರಳುವ ವಿಮಾನ ಲಿಸ್ಬನ್‌ನಿಂದಲೇ ಇದ್ದರೆ ಪೋರ್ಟೊವನ್ನು ಮೊದಲು ಮುಗಿಸಿ ಕೊನೆಯ ರಾತ್ರಿಗಳನ್ನು ಲಿಸ್ಬನ್‌ನಲ್ಲಿ ಕಳೆಯಿರಿ. ಮುಷ್ಕರದಿಂದ ರೈಲು ತಪ್ಪಿದರೂ ವಿಮಾನ ತಪ್ಪುವುದಿಲ್ಲ.

ಇಳಿದುಕೊಳ್ಳುವ ಜಾಗದ ಬಗ್ಗೆ ಒಂದು ಅನುಭವ ಹೇಳಲೇಬೇಕು. ‘ಮೆಟ್ರೋದಿಂದ ಮೂರು ನಿಮಿಷ, ನದಿಯ ನೋಟ’ ಎಂದು ಬರೆದಿದ್ದ ಮನೆಯೊಂದನ್ನು ನಾವು ಅಲ್ಫಾಮ ಎಂಬ ಹಳೆಯ ಕೇರಿಯಲ್ಲಿ ಕಾಯ್ದಿರಿಸಿದ್ದೆವು. ಮೂರು ನಿಮಿಷ ಎಂಬುದು ನಿಜವೇ, ಆದರೆ ಆ ಮೂರು ನಿಮಿಷವೂ ಮೆಟ್ಟಿಲು. ಮನೆ ಇದ್ದದ್ದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ರಾತ್ರಿ ಹನ್ನೊಂದು ಗಂಟೆಗೆ ಇಪ್ಪತ್ತಮೂರು ಕೆ.ಜಿ. ಚೀಲವನ್ನು ಹೆಗಲ ಮೇಲೆ ಹೊತ್ತು ಎರಡನೆಯ ತಿರುವಿಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮೇಲಿನ ಕಿಟಕಿಯಿಂದ ನೋಡಿದ ಅಜ್ಜಿಯೊಬ್ಬರು ತಮ್ಮ ಮೊಮ್ಮಗನನ್ನು ಕೆಳಗೆ ಕಳುಹಿಸಿ ಚೀಲ ಹೊರಿಸಿದರು. ಅವರ ಆ ಉಪಕಾರವನ್ನು ನಾವು ಮರೆಯಲಾರೆವು. ಆದರೆ ನಿಮ್ಮ ಅಮ್ಮನಿಗೆ ಅಂತಹ ಸ್ಥಿತಿ ಬರುವುದು ಬೇಡ. ಲಿಫ್ಟ್ ಇದೆಯೇ, ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ಕಾರು ಬಾಗಿಲವರೆಗೆ ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬಾರದೆ ಹಣ ಕಟ್ಟಬೇಡಿ.

ತೇಜು ತೀರ, ಲಿಸ್ಬನ್

ನಾನು ಶಿವಮೊಗ್ಗದವಳು, ಕೆಲಸದ ಕಾರಣದಿಂದ ಏಳು ವರ್ಷಗಳಿಂದ ಲಿಸ್ಬನ್‌ನಲ್ಲಿ ನೆಲೆಸಿದ್ದೇನೆ. ಮೇಲಿನವರ ಸಲಹೆ ಸರಿಯಾಗಿದೆ. ಮೊಣಕಾಲು ಮತ್ತು ಊಟ, ಈ ಎರಡರ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. ನನ್ನ ಅತ್ತೆಯವರು ಎರಡು ಬಾರಿ ಬಂದು ಹೋಗಿದ್ದಾರೆ, ಅವರದ್ದೂ ಇದೇ ತೊಂದರೆ.

ಲಿಸ್ಬನ್‌ನ ಪಾದಚಾರಿ ದಾರಿಗಳಿಗೆ ಅಂಗೈಯಗಲದ ಸುಣ್ಣಕಲ್ಲುಗಳನ್ನು ಒಂದೊಂದಾಗಿ ಕೈಯಿಂದ ಕೂರಿಸಿರುತ್ತಾರೆ. ಬಿಳಿ ಮತ್ತು ಕಪ್ಪು ಕಲ್ಲುಗಳಲ್ಲಿ ಅಲೆ, ಬಳ್ಳಿ, ನಕ್ಷತ್ರಗಳ ಚಿತ್ತಾರ ಬಿಡಿಸಿರುವ ಈ ನೆಲ ನೋಡಲು ಅತಿ ಸುಂದರ. ಆದರೆ ಬಹುಕಾಲದ ನಡಿಗೆಯಿಂದ ಕಲ್ಲು ನುಣುಪಾಗಿದ್ದು, ನಾಲ್ಕು ಹನಿ ಮಳೆ ಬಿದ್ದರೂ ಎಣ್ಣೆ ಸವರಿದಂತೆ ಜಾರುತ್ತದೆ. ಏಪ್ರಿಲ್‌ನಲ್ಲಿ ಹವೆ ಹಿತವಾಗಿದ್ದರೂ ಮಳೆ ಬರುವುದುಂಟು. ಅಮ್ಮನಿಗೆ ರಬ್ಬರಿನ ಹಿಡಿತವುಳ್ಳ ಬೂಟು ಈಗಲೇ ಕೊಂಡು, ಧಾರವಾಡದಲ್ಲೇ ಒಂದು ತಿಂಗಳು ಹಾಕಿ ಪಳಗಿಸಲಿ. ಚಪ್ಪಲಿಯಲ್ಲಿ ಇಲ್ಲಿ ನಡೆಯುವುದು ಅಪಾಯ.

ಊರು ಬೆಟ್ಟಗಳ ಮೇಲಿದೆ ಎಂದು ಹೆದರಬೇಕಿಲ್ಲ, ಹತ್ತುವ ಕೆಲಸವನ್ನು ಯಂತ್ರಗಳಿಗೆ ಬಿಡುವ ಉಪಾಯಗಳಿವೆ. 1755ರ ನವೆಂಬರ್ 1ರ ಭೂಕಂಪದಲ್ಲಿ ನೆಲಸಮವಾದ ಮೇಲೆ ನೇರ ಬೀದಿಗಳೊಂದಿಗೆ ಹೊಸದಾಗಿ ಕಟ್ಟಿದ ತಗ್ಗಿನ ಭಾಗಕ್ಕೆ ‘ಬೈಶ’ ಎನ್ನುತ್ತಾರೆ. ಅದು ಅಂಗೈಯಷ್ಟು ಸಮತಟ್ಟು. ಅಲ್ಲಿಯೇ ವಸತಿ ಹಿಡಿಯಿರಿ. ಅಲ್ಲಿಂದ ಪಕ್ಕದ ಗುಡ್ಡದ ಮೇಲಿನ ‘ಶಿಯಾದು’ ಬಡಾವಣೆಗೆ ಹೋಗಲು ಬೈಶ-ಶಿಯಾದು ಮೆಟ್ರೋ ನಿಲ್ದಾಣದ ಒಳಹೊಕ್ಕು, ಉದ್ದನೆಯ ಎಸ್ಕಲೇಟರ್‌ಗಳ ಮೇಲೆ ನಿಂತರೆ ಸಾಕು, ಇನ್ನೊಂದು ಬಾಗಿಲಿನಿಂದ ಗುಡ್ಡದ ನೆತ್ತಿಯಲ್ಲಿ ಹೊರಬರುತ್ತೀರಿ. ಸಾವ್ ಜೋರ್ಜ್ ಕೋಟೆಯ ಕಡೆಗೆ ‘ರುವಾ ದುಶ್ ಫಾನ್ಕೈರುಶ್’ ಬೀದಿಯ ಕಟ್ಟಡವೊಂದರ ಒಳಗೆ ನಗರಸಭೆಯ ಲಿಫ್ಟ್ ಇದೆ, ಅದಕ್ಕೆ ಹಣವಿಲ್ಲ. ಅದರಿಂದ ಹೊರಬಂದು ಸ್ವಲ್ಪ ನಡೆದರೆ ಇನ್ನೊಂದು ಲಿಫ್ಟ್ ಸಿಗುತ್ತದೆ. ಪ್ರವಾಸಿಗರು ಹೆಚ್ಚಾಗಿ ಇವನ್ನು ಗಮನಿಸದೆ ಬಿಸಿಲಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಾರೆ. ಹಗ್ಗದಿಂದ ಎಳೆಯುವ ಹಳದಿ ಗಾಡಿಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಗ್ಲೋರಿಯಾ ಏರುದಾರಿಯಲ್ಲಿ ಅಂತಹ ಗಾಡಿಯೊಂದು ಹಗ್ಗ ತುಂಡಾಗಿ ಉರುಳಿ ಹದಿನಾರು ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ಉಳಿದವನ್ನೂ ತಪಾಸಣೆಗೆಂದು ನಿಲ್ಲಿಸಲಾಯಿತು. ಬರುವ ಹೊತ್ತಿಗೆ ಯಾವುದು ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ. 28ನೆಯ ಸಂಖ್ಯೆಯ ಟ್ರಾಮ್ ಹತ್ತಬೇಕೆಂದಿದ್ದರೆ ಬೆಳಗ್ಗೆ ಎಂಟರೊಳಗೆ ಹತ್ತಿ. ಹತ್ತು ಗಂಟೆಯ ಮೇಲೆ ಕೂರಲು ಜಾಗವಿರುವುದಿಲ್ಲ, ಜೇಬುಗಳ್ಳರ ಕಾಟವೂ ಹೆಚ್ಚು.

ಹತ್ತಿರದಲ್ಲೇ ಇರುವ ಅರಮನೆಗಳ ಊರು ಸಿಂತ್ರಕ್ಕೆ ಹೋಗುವುದಾದರೆ, ರೊಸಿಯು ನಿಲ್ದಾಣದಿಂದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಎಲ್ಲರೂ ಬಣ್ಣಬಣ್ಣದ ಪೇನ ಅರಮನೆಗೇ ನುಗ್ಗುತ್ತಾರೆ. ಅದು ಗುಡ್ಡದ ತುದಿಯಲ್ಲಿದೆ, ಒಳಗೆ ಹೋಗಲು ಗೊತ್ತಾದ ಗಂಟೆಯ ಟಿಕೆಟ್ ಬೇಕು, ಹೊರಬಾಗಿಲಿನಿಂದ ಅರಮನೆಯವರೆಗೂ ಏರುಹಾದಿ. ನನ್ನ ಅತ್ತೆಯವರು ಊರೊಳಗಿನ ರಾಷ್ಟ್ರೀಯ ಅರಮನೆಯನ್ನು ಹೆಚ್ಚು ಮೆಚ್ಚಿದರು. ಅದರ ಅಡುಗೆಮನೆಯ ಮೇಲೆ ಶಂಕು ಆಕಾರದ ಎರಡು ಬಿಳಿ ಹೊಗೆಗೂಡುಗಳು ಮೂವತ್ತಮೂರು ಮೀಟರ್ ಎತ್ತರಕ್ಕೆ ಎದ್ದು ನಿಂತಿವೆ. ಕೆಳಗೆ ನಿಂತು ಕತ್ತೆತ್ತಿ ನೋಡಿದ ಅವರು, ಇಂತಹ ಅಡುಗೆಮನೆಯಲ್ಲಿ ನೂರು ಜನರ ಮದುವೆ ಊಟಕ್ಕೂ ಹೊಗೆ ಕಣ್ಣಿಗೆ ಬೀಳದು ಎಂದು ಹೇಳಿ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಇನ್ನು ಊಟ. ಮೀನು ಮತ್ತು ಹಂದಿಮಾಂಸ ಇಲ್ಲಿನ ಅಡುಗೆಯ ಬೆನ್ನೆಲುಬು ಎಂಬುದನ್ನು ಮುಚ್ಚಿಡುವುದಿಲ್ಲ. ‘ಕಾಲ್ದು ವೆರ್ದ್’ ಎಂಬ ಪ್ರಸಿದ್ಧ ಸೊಪ್ಪಿನ ಸಾರು ನೋಡಲು ನಮ್ಮ ಬಸ್ಸಾರಿನಂತೆ ಇದ್ದರೂ ಅದರಲ್ಲಿ ಹಂದಿಯ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ಅದನ್ನು ತೆಗೆದುಕೊಟ್ಟರೂ ಸಾರಿಗೆ ಮಾಂಸ ಬೆಂದ ನೀರು ಹಾಕಿರಬಹುದು. ಆದ್ದರಿಂದ ‘ಸೈಂ ಕಾರ್ನ್, ಸೈಂ ಪೈಶ್, ಸೈಂ ಓವುಶ್’, ಎಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ಕಾಗದದಲ್ಲಿ ಬರೆಸಿಟ್ಟುಕೊಂಡು ತೋರಿಸಿ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಟ್ಯೂನಾ ಮೀನು ಬಂದೀತು. ಊರಿನ ಹೆಸರಾಂತ ಕಸ್ಟರ್ಡ್ ಸಿಹಿ ‘ಪಶ್ತೆಲ್ ದ ನಾತ’ದಲ್ಲಿ ಮೊಟ್ಟೆಯ ಹಳದಿ ಇರುವುದರಿಂದ ಅಮ್ಮ ಅದನ್ನು ಬಿಡಬೇಕಾಗುತ್ತದೆ. ಲಿಸ್ಬನ್‌ನ ಬೆಲೆಂ ಬಡಾವಣೆಯಲ್ಲಿ 1837ರಿಂದ ಅದನ್ನು ಮಾಡುತ್ತಿರುವ ಅಂಗಡಿಗೆ ಮಗಳನ್ನು ಕರೆದೊಯ್ಯಿರಿ.

ಚೀಸ್ ತಿನ್ನುವವರಿಗೆ ಒಂದು ಸಂತೋಷದ ವಿಷಯವಿದೆ. ಯುರೋಪಿನ ಅನೇಕ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಜಠರದ ರಸ ಬಳಸುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಹಿಂಜರಿಯುತ್ತಾರೆ. ಆದರೆ ಸೆರ್ರ ದ ಎಶ್ತ್ರೆಲ, ಅಜೈತಾವ್, ಸೆರ್ಪ ಎಂಬ ಇಲ್ಲಿನ ಕುರಿಹಾಲಿನ ಚೀಸ್‌ಗಳಿಗೆ ಸಂಪ್ರದಾಯದಂತೆ ಒಂದು ಬಗೆಯ ಮುಳ್ಳುಗಿಡದ ನೇರಳೆ ಹೂವನ್ನು ನೆನೆಹಾಕಿದ ನೀರನ್ನೇ ಹಾಕುತ್ತಾರೆ. ಆ ಹೂವಿನ ಹೆಸರು ‘ಕಾರ್ದು’ (cardo). ಲೇಬಲ್ಲಿನ ಮೇಲೆ ಆ ಪದ ನೋಡಿ ಕೊಳ್ಳಿ. ರೆಸ್ಟೋರೆಂಟಿನಲ್ಲಿ ಕೂತ ಕೂಡಲೇ ಮೇಜಿನ ಮೇಲೆ ಬ್ರೆಡ್ಡು, ಆಲಿವ್ ತಂದಿಟ್ಟರೆ ಅದು ಉಚಿತವಲ್ಲ, ಬೇಡವಾದರೆ ಮುಟ್ಟದೆ ಹಿಂದಕ್ಕೆ ಕೊಡಿ, ಯಾರೂ ಬೇಸರಪಡುವುದಿಲ್ಲ.

ಅಡುಗೆಮನೆಯಿರುವ ವಸತಿ ಹಿಡಿದರೆ ಅರ್ಧ ಚಿಂತೆ ಕಳೆಯುತ್ತದೆ. ಮಾರ್ತಿಂ ಮೊನಿಜ್ ಚೌಕದ ಸುತ್ತಲಿನ ಅಂಗಡಿಗಳಲ್ಲಿ ತೊಗರಿಬೇಳೆ, ಅಕ್ಕಿ, ಸಾಸಿವೆ, ಇಂಗು ಎಲ್ಲ ಸಿಗುತ್ತವೆ. ಲುಮಿಯಾರ್ ಬಡಾವಣೆಯಲ್ಲಿ ರಾಧಾಕೃಷ್ಣ ದೇವಸ್ಥಾನವಿದೆ. ಅದನ್ನು ಕಟ್ಟಿದವರು ಬಹುಪಾಲು ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿ ಮೂಲದವರು. ಅಲ್ಲಿನ ಊಟದ ಮನೆಯಲ್ಲಿ ಅಪ್ಪಟ ಸಸ್ಯಾಹಾರ ಬಡಿಸುತ್ತಾರೆ. ಐದಾರು ದಿನ ಬ್ರೆಡ್ಡು ತಿಂದು ಸಾಕಾದ ಮೇಲೆ ಅಲ್ಲಿ ಸಿಗುವ ಬಿಸಿ ದಾಲ್ ಮತ್ತು ಅನ್ನ ಎಷ್ಟು ಹಿತವೆಂದು ಹೋದವರೇ ಬಲ್ಲರು.

ಪಂಚಗಂಗಾವಳಿ, ಕುಂದಾಪುರ

ವೀಸಾದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾವನ್ನು ಮೂರು ಬಾರಿ ಪಡೆದಿದ್ದೇನೆ, ಮೊದಲ ಅರ್ಜಿ ಒಮ್ಮೆ ತಿರಸ್ಕೃತವೂ ಆಗಿತ್ತು.

ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬುದು ನಿಯಮ. ಹತ್ತೂ ರಾತ್ರಿ ಪೋರ್ಚುಗಲ್‌ನಲ್ಲೇ ಇದ್ದರೆ ಈ ಲೆಕ್ಕದ ಗೊಂದಲವೇ ಇಲ್ಲ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಅರ್ಜಿ ಸ್ವೀಕರಿಸುತ್ತಾರೆ. ನಿರ್ಧಾರಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ ನಲವತ್ತೈದು ದಿನದವರೆಗೂ ಹಿಡಿಯಬಹುದು. ಬೇಸಿಗೆ ರಜೆಗೆ ಹೋಗುವವರೆಲ್ಲ ಒಟ್ಟಿಗೆ ಮುಗಿಬೀಳುವುದರಿಂದ ಭೇಟಿಯ ದಿನಾಂಕ ಸಿಗುವುದೇ ಕಷ್ಟವಾಗುತ್ತದೆ. ಆದ್ದರಿಂದ ಜನವರಿಯಲ್ಲೇ ದಿನಾಂಕ ಹಿಡಿಯಿರಿ. ದೊಡ್ಡವರಿಗೆ ಶುಲ್ಕ ಈಗ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿಯಿರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವಂತಿರಬೇಕು. ಅಮ್ಮನ ಮೊಣಕಾಲು ನೋವು ಮೊದಲೇ ಇರುವ ಕಾಯಿಲೆಯಾದ್ದರಿಂದ ಪಾಲಿಸಿ ಅದನ್ನು ಹೊರಗಿಟ್ಟಿದೆಯೇ ಎಂದು ಓದಿ ನೋಡಿ.

ನನ್ನ ಮೊದಲ ಅರ್ಜಿ ಏಕೆ ಬಿತ್ತು ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು. ಅರ್ಜಿ ಹಾಕುವ ಹತ್ತು ದಿನ ಮೊದಲು ಠೇವಣಿ ಮುರಿದು ದೊಡ್ಡ ಮೊತ್ತವನ್ನು ಉಳಿತಾಯ ಖಾತೆಗೆ ಹಾಕಿದ್ದೆ. ಅದು ಎಲ್ಲಿಂದ ಬಂತೆಂಬುದಕ್ಕೆ ಒಂದು ಸಾಲಿನ ವಿವರಣೆಯನ್ನೂ ಕೊಟ್ಟಿರಲಿಲ್ಲ. ಪರಿಶೀಲಿಸುವವರಿಗೆ ಅದು ಸಾಲ ತಂದ ಹಣದಂತೆ ಕಂಡಿರಬೇಕು. ಮುಂದಿನ ಬಾರಿ ಠೇವಣಿಯ ರಸೀದಿ, ಪಿಂಚಣಿ ಆದೇಶ, ಮೂರು ವರ್ಷದ ಆದಾಯ ತೆರಿಗೆ ವಿವರಗಳನ್ನು ಜೋಡಿಸಿ, ದಿನದಿನದ ಕಾರ್ಯಕ್ರಮದೊಂದಿಗೆ ಎರಡು ಪುಟದ ಪತ್ರ ಬರೆದೆ, ಸಿಕ್ಕಿತು. ನಿಮ್ಮ ಅಮ್ಮನ ಖರ್ಚನ್ನು ನೀವು ಭರಿಸುತ್ತಿದ್ದರೆ ಅದನ್ನು ಸ್ಪಷ್ಟವಾಗಿ ಬರೆದು, ಸಂಬಂಧದ ದಾಖಲೆ ಲಗತ್ತಿಸಿ. ಮಗಳ ಅರ್ಜಿಗೆ ತಂದೆತಾಯಿ ಇಬ್ಬರ ಸಹಿಯೂ ಬೇಕು.

ಬೆಂಗಳೂರಿನಿಂದ ಲಿಸ್ಬನ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಹೋದರೆ ವಲಸೆ ತಪಾಸಣೆ ಅಲ್ಲಿಯೇ ನಡೆಯುತ್ತದೆ. 2025ರ ಅಕ್ಟೋಬರ್‌ನಿಂದ ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬಂದಿರುವುದರಿಂದ ಸರದಿ ಉದ್ದವಾಗಬಹುದು, ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ದುಬೈ ಮೂಲಕ ಹೋದರೆ ತಪಾಸಣೆ ಲಿಸ್ಬನ್‌ನಲ್ಲೇ. ಟಿಕೆಟ್ ಕಾಯ್ದಿರಿಸುವಾಗಲೇ ಅಮ್ಮನಿಗೆ ಗಾಲಿಕುರ್ಚಿ ಕೇಳಿ, ಅದಕ್ಕೆ ಹಣವಿಲ್ಲ, ಸಂಕೋಚವೂ ಬೇಡ.

ನಿಮ್ಮ ತಾಯಿಯವರ ಆಸೆಯ ಬಗ್ಗೆಯೂ ಒಂದು ಮಾತು. ಬೆಲೆಂನ ಜೆರೊನಿಮುಶ್ ಮಠದ ಚರ್ಚಿನಲ್ಲಿ, ಬಾಗಿಲು ದಾಟಿದ ಕೂಡಲೇ, ವಾಸ್ಕೋ ಡ ಗಾಮನ ಕಲ್ಲಿನ ಸಮಾಧಿಯಿದೆ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅಸ್ಥಿ ಎಷ್ಟೋ ಕಾಲದ ನಂತರ ಅಲ್ಲಿಗೆ ಸೇರಿತು. 1501ರಲ್ಲಿ ಕಟ್ಟಲು ತೊಡಗಿದ ಆ ಮಠಕ್ಕೆ ಹಣ ಬಂದದ್ದು ಆಫ್ರಿಕ ಮತ್ತು ನಮ್ಮ ಕಡಲತೀರಗಳ ಸಾಂಬಾರ ವ್ಯಾಪಾರದ ಮೇಲೆ ಹಾಕಿದ ಸುಂಕದಿಂದ. ಅಲ್ಲಿನ ಕಂಬಗಳ ಮೇಲೆ ಹಗ್ಗ, ಹವಳ, ಸಮುದ್ರದ ಜೀವಿಗಳನ್ನು ಕೆತ್ತಿರುವ ಕೌಶಲಕ್ಕೆ ಕೈಮುಗಿಯಬೇಕು. ಅದೇ ಗಾಮ 1502ರ ಯಾನದಲ್ಲಿ ಯಾತ್ರಿಕರು ತುಂಬಿದ್ದ ಹಡಗನ್ನು ಸುಟ್ಟವನು ಎಂಬುದನ್ನೂ ಅಲ್ಲಿ ನಿಂತು ಮರೆಯಲಾಗುವುದಿಲ್ಲ. ನಾನು ಬಸ್ರೂರಿನ ಹತ್ತಿರದವನು. ನಮ್ಮ ಅಕ್ಕಿ ಆ ಬಂದರಿನಿಂದ ಪೋರ್ಚುಗೀಸರ ಕೋಟೆಗಳಿಗೆ ಹೋಗುತ್ತಿತ್ತು. ಆ ಸಮಾಧಿಯ ಮುಂದೆ ಹತ್ತು ನಿಮಿಷ ನಿಂತೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಕೋಪವೋ ಬೆರಗೋ ಎಂದು ಇಂದಿಗೂ ಬೇರ್ಪಡಿಸಲಾರೆ. ಮಗಳಿಗೆ ಹೊರಡುವ ಮುನ್ನ ಉಳ್ಳಾಲದ ಅಬ್ಬಕ್ಕ ಮತ್ತು ಗೇರುಸೊಪ್ಪೆಯ ಚೆನ್ನಭೈರಾದೇವಿಯ ವಿಷಯ ಹೇಳಿ. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಚರ್ಚಿನ ಪ್ರವೇಶಕ್ಕೆ ಹಣವಿಲ್ಲ, ಒಳಾಂಗಣದ ಮೊಗಸಾಲೆಗೆ ಟಿಕೆಟ್ ಬೇಕು. ಸೋಮವಾರ ಮತ್ತು ಮೇ 1ರಂದು ಮಠ ಮುಚ್ಚಿರುತ್ತದೆ.

ಶಾಲ್ಮಲಾ, ಧಾರವಾಡ

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ನಾಲ್ಕು ದಿನ ಬರಿಯ ಪ್ರಯಾಣಕ್ಕೇ ಹೋಗುತ್ತದೆ ಎಂಬ ಲೆಕ್ಕ ಕೇಳಿದ ಮೇಲೆ ಯಜಮಾನರು ತಾವಾಗಿಯೇ ಸ್ಪೇನನ್ನು ಪಟ್ಟಿಯಿಂದ ಹೊಡೆದುಹಾಕಿದರು. ಪೋರ್ಟೊದಲ್ಲಿ ನಾಲ್ಕು ರಾತ್ರಿ, ಆಮೇಲೆ ಲಿಸ್ಬನ್‌ನ ತಗ್ಗಿನ ಬಡಾವಣೆಯಲ್ಲಿ ಆರು ರಾತ್ರಿ ಎಂದು ನಿರ್ಧರಿಸಿದ್ದೇವೆ. ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಪೋರ್ಟೊದಲ್ಲಿ ಅಮ್ಮ ಹೆಚ್ಚು ನಡೆಯದೆ ನೋಡಬಹುದಾದದ್ದು ಏನಿದೆ? ಅಲ್ಲಿ ಪರಿಚಯವಾಗುವವರಿಗೆ ಕೊಡಲೆಂದು ಧಾರವಾಡ ಪೇಡೆ, ಅಮ್ಮನಿಗೆಂದು ತುಪ್ಪ ಮತ್ತು ಚಟ್ನಿಪುಡಿ ತರಬಹುದೇ?

ತೇಜು ತೀರ, ಲಿಸ್ಬನ್

ಪೇಡೆ ಮತ್ತು ತುಪ್ಪ ಎರಡನ್ನೂ ತರಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಒಳಗೆ ತರುವಂತಿಲ್ಲ, ಕಂಡರೆ ವಿಮಾನ ನಿಲ್ದಾಣದಲ್ಲೇ ಕಸಕ್ಕೆ ಹಾಕುತ್ತಾರೆ. ನಾನೂ ಪೇಡೆಯ ಆಸೆಯನ್ನು ಊರಿಗೆ ಹೋದಾಗ ಮಾತ್ರ ತೀರಿಸಿಕೊಳ್ಳುತ್ತೇನೆ. ಹಸಿ ಕರಿಬೇವು, ಹಸಿ ಮೆಣಸಿನಕಾಯಿಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಚಟ್ನಿಪುಡಿ, ಶೇಂಗಾ ಹಿಂಡಿ, ಕಟಕು ರೊಟ್ಟಿ, ಅವಲಕ್ಕಿ, ಪುಳಿಯೋಗರೆ ಪುಡಿಗಳಿಗೆ ತೊಂದರೆಯಿಲ್ಲ, ಗಟ್ಟಿಯಾಗಿ ಕಟ್ಟಿ ತನ್ನಿ. ಬೆಣ್ಣೆ ಇಲ್ಲಿ ಒಳ್ಳೆಯದೇ ಸಿಗುತ್ತದೆ, ಹದಿನೈದು ನಿಮಿಷ ಕಾಯಿಸಿದರೆ ತುಪ್ಪ.

ಪೋರ್ಟೊದಲ್ಲಿ ಸಾವ್ ಬೆಂತು ರೈಲು ನಿಲ್ದಾಣದ ಒಳಗೋಡೆಗಳನ್ನು ಮೊದಲು ನೋಡಿ. ಸುಮಾರು ಇಪ್ಪತ್ತು ಸಾವಿರ ನೀಲಿ ಹೆಂಚುಗಳ ಮೇಲೆ ದೇಶದ ಇತಿಹಾಸವನ್ನು ಬರೆದಿದ್ದಾರೆ. ಅಲ್ಲಿಂದಲೇ ಒಂದು ದಿನ ದೋರು ನದಿಯ ಗುಂಟ ಪಿನ್ಯಾವ್ ಎಂಬ ಊರಿಗೆ ರೈಲು ಹಿಡಿಯಿರಿ. ಎರಡೂವರೆ ಗಂಟೆಯ ಪ್ರಯಾಣ, ಹೋಗುವಾಗ ಬಲಗಡೆಯ ಕಿಟಕಿ ಹಿಡಿದು ಕುಳಿತರೆ ನದಿ ಪಕ್ಕದಲ್ಲೇ ಹರಿಯುತ್ತ ಬರುತ್ತದೆ, ಎದುರು ದಡದಲ್ಲಿ ದ್ರಾಕ್ಷಿ ತೋಟಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಅಮ್ಮ ಒಂದು ಹೆಜ್ಜೆ ನಡೆಯದೆ ಪೋರ್ಚುಗಲ್‌ನ ಅತ್ಯಂತ ಚೆಲುವಾದ ಕಣಿವೆಯನ್ನು ನೋಡಿರುತ್ತಾರೆ. ಕಿಟಕಿಗೆ ಇಲ್ಲಿನವರು ‘ಜನೆಲ’ ಎನ್ನುತ್ತಾರೆ, ಬೀಗದ ಕೈಗೆ ‘ಶಾವ್’, ಅನಾನಸಿಗೆ ‘ಅನನಾಶ್’. ನಮ್ಮ ಜನೆಲು, ಚಾವಿ, ಅನಾನಸು ಎಲ್ಲಿಂದ ಬಂದವೆಂದು ಹೊನ್ನಾವರದ ಕಡೆಯವರಿಗೆ ಬೇಗ ತಿಳಿಯುತ್ತದೆ.

ಏಪ್ರಿಲ್ 25ರಂದು ಲಿಸ್ಬನ್‌ನಲ್ಲಿ ಇರುವಂತೆ ದಿನಗಳನ್ನು ಹೊಂದಿಸಲು ಸಾಧ್ಯವಾದರೆ ಹೊಂದಿಸಿ. 1974ರಲ್ಲಿ ಸರ್ವಾಧಿಕಾರ ಬಿದ್ದ ದಿನ ಅದು, ಸೈನಿಕರ ಬಂದೂಕಿನ ನಳಿಕೆಗಳಿಗೆ ಜನ ಕೆಂಪು ಕಾರ್ನೇಷನ್ ಹೂವು ಸಿಕ್ಕಿಸಿದ್ದರು. ಈಗಲೂ ಆ ಮಧ್ಯಾಹ್ನ ಅವೆನೀದ ದ ಲಿಬೆರ್ದಾದ್ ರಸ್ತೆಯಲ್ಲಿ ಮುದುಕರೂ ಮಕ್ಕಳೂ ಅದೇ ಹೂವು ಹಿಡಿದು ನಡೆಯುತ್ತಾರೆ. ಆ ರಸ್ತೆಯ ಮರಗಳ ಕೆಳಗೆ ಉದ್ದಕ್ಕೂ ಬೆಂಚುಗಳಿವೆ, ಮೂರು ಗಂಟೆಗೆ ಮೊದಲೇ ಹೋದರೆ ಅಮ್ಮನಿಗೆ ಕೂರಲು ಜಾಗ ಸಿಗುತ್ತದೆ.